ಅಡತಿ ಅಂಗಡಿಯ ಪಟ್ಟಿ

ಊರ ಮನೆ ಖಾಲಿ ಮಾಡುವಾಗ ಅಜ್ಜನ ಪತ್ರಗಳನ್ನು ಜೋಪಾನವಾಗಿ ಎತ್ತಿಟ್ಟುಕೊಳ್ಳುತ್ತೇವೆ. ಅಂಗಡಿ ಚೀಟಿಗಳ ಕಟ್ಟು ರದ್ದಿಗೆ ಹೋಗುತ್ತದೆ. ನಮ್ಮ ಪೇಟೆಗಳ ಚರಿತ್ರೆ ಇರುವುದು ಆ ರದ್ದಿಯಲ್ಲಿ.

1956ರ ನವೆಂಬರ್ 1ಕ್ಕೆ ಮುಂಚೆ ಕನ್ನಡ ನಾಡು ಹರಿದು ಹಂಚಿಹೋಗಿತ್ತೆಂದು ಶಾಲೆಯಲ್ಲಿ ಓದಿದ್ದೇವೆ. ವ್ಯಾಪಾರಿಗಳ ಲೆಟರ್‌ಹೆಡ್ಡಿನಲ್ಲಿ ಅದು ಕಣ್ಣಿಗೇ ಕಾಣುತ್ತದೆ. ಹುಬ್ಬಳ್ಳಿಯ ವಿಳಾಸ ಮುಂಬಯಿಗೆ ಸೇರಿದ್ದು, ಮಂಗಳೂರಿನದು ಮದರಾಸಿಗೆ, ದಾವಣಗೆರೆಯದು ಮೈಸೂರಿಗೆ. ರಾಯಚೂರು ನಿಜಾಮರ ಸೀಮೆ. ಅಲ್ಲಿ ಚಲಾವಣೆಯಲ್ಲಿದ್ದದ್ದು ನಿಜಾಮರದೇ ನಾಣ್ಯ, ಹಾಲಿ ಸಿಕ್ಕಾ. ಅದರ ಏಳು ರೂಪಾಯಿ ಕೊಟ್ಟರೆ ಸುಮಾರು ಆರು ಕಲ್ದಾರ್, ಅಂದರೆ ಬ್ರಿಟಿಷ್ ಇಂಡಿಯಾದ, ರೂಪಾಯಿ. ಯಾವ ರೂಪಾಯಿ ಎಂದು ಬರೆಯದಿದ್ದರೆ ಲೆಕ್ಕವೇ ಕೆಟ್ಟಿತು.

ನನ್ನ ಸಂಗ್ರಹದಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಮೆಣಸಿನಕಾಯಿ ಮಾರಿದ ರೈತನಿಗೆ ಅಡತಿ ಅಂಗಡಿ, ಅಂದರೆ ದಲ್ಲಾಳಿ ಮಂಡಿ, ಕೊಟ್ಟ ಒಂದು ಪಟ್ಟಿ. ಮೇಲೆ ಗಣಪತಿಯ ಬ್ಲಾಕು, ಅದರ ಪಕ್ಕದಲ್ಲಿ ತಾರಿನ ವಿಳಾಸ. ತಂತಿಗೆ ಚುಚ್ಚಿಟ್ಟ ತೂತು ಸರಿಯಾಗಿ ಸಾಹುಕಾರರ ಹೆಸರಿನ ನಡುವೆಯೇ ಬಿದ್ದಿದೆ. ಮಾಲಿನ ತೂಕ, ದರ ಬರೆದ ಮೇಲೆ ಕಳೆಯುವ ಬಾಬುಗಳು ಸಾಲಾಗಿ ಅಚ್ಚಾಗಿವೆ: ಅಡತಿ, ಹಮಾಲಿ, ತೂಕದ ಕೂಲಿ, ಕೊನೆಗೆ ಧರ್ಮ. ಕೈಯಲ್ಲಿ ಬರೆದದ್ದಾಗಿದ್ದರೆ ಚೌಕಾಸಿಗೆ ಎಡೆಯಿರುತ್ತಿತ್ತೇನೋ. ಅಚ್ಚಾದದ್ದನ್ನು ಕೇಳುವವರು ಯಾರು? ಇಂಥ ಧರ್ಮದ ದುಡ್ಡು ಗುಡಿಗೆ, ಛತ್ರಕ್ಕೆ ಹೋಗುವ ವಾಡಿಕೆಯಿತ್ತು. ಆದರೆ ಛತ್ರದ ಕಲ್ಲಿನ ಮೇಲೆ ಹೆಸರು ರೈತನದಲ್ಲ!

ಈ ಪಟ್ಟಿಯಲ್ಲಿ ತಾರೀಖಿನ ಜಾಗ ಖಾಲಿ. ಆದರೂ ಕಾಲ ಹಿಡಿಯಬಹುದು. ವಿಳಾಸದಲ್ಲಿ ಎಂ. ಅಂಡ್ ಎಸ್. ಎಂ. (ಮದ್ರಾಸ್ ಅಂಡ್ ಸದರ್ನ್ ಮರಾಠಾ) ರೈಲ್ವೆ ಇದೆ, 1951ರ ಏಪ್ರಿಲ್‌ನಲ್ಲಿ ಅದು ದಕ್ಷಿಣ ರೈಲ್ವೆಯಲ್ಲಿ ಸೇರಿಹೋಯಿತು. ಮೊತ್ತ ಆಣೆಯಲ್ಲಿದೆ, ನಯಾಪೈಸೆ ಬಂದದ್ದು 1957ರ ಏಪ್ರಿಲ್ 1ರಂದು. ಹಾಗೆಯೇ ಪಿನ್‌ಕೋಡ್ ಕಂಡರೆ ಆ ಕಾಗದ 1972ರ ಆಗಸ್ಟ್ 15ಕ್ಕಿಂತ ಹಿಂದಿನದಲ್ಲ. ಆದರೆ ಒಂದು ಎಚ್ಚರ ಬೇಕು. ಟ್ರೆಡಲ್ ಪ್ರೆಸ್ಸಿನಲ್ಲಿ ಒಮ್ಮೆಗೇ ರೀಮುಗಟ್ಟಲೆ ಹೊಡೆಸಿಟ್ಟ ಕಾಗದವನ್ನು ಯಾವ ಸಾಹುಕಾರನೂ ಎಸೆಯುವುದಿಲ್ಲ. ‘ಮುಂಬಯಿ’ಗೆ ಗೀಟು ಹೊಡೆದು ‘ಮೈಸೂರು ರಾಜ್ಯ’ ಎಂದು ರಬ್ಬರ್ ಸ್ಟಾಂಪ್ ಒತ್ತಿದರೆ ಕೆಲಸ ಮುಗಿಯಿತು. ರಾಜ್ಯ ಒಂದಾದದ್ದನ್ನು ಹೀಗೆ ಅಗ್ಗದಲ್ಲಿ ತೋರಿಸುವ ಕಾಗದ ನನ್ನ ಪಾಲಿಗೆ ಹೊಸ ಅಚ್ಚಿಗಿಂತ ಅಮೂಲ್ಯ.

ರಜೆಗೆ ಊರಿಗೆ ಹೋದಾಗ ಅಂಥ ಕಟ್ಟು ಸಿಕ್ಕರೆ ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ಎರಡೂ ಬದಿಯ ಫೋಟೊ ತೆಗೆಯಿರಿ. ಹಿಂಬದಿಯಲ್ಲಿ ಯಾರೋ ಮದುವೆಯ ಜವಳಿ ಲೆಕ್ಕ ಬರೆದಿರುತ್ತಾರೆ. ಯಾವ ಊರಿನ ಯಾವ ಮನೆಯಲ್ಲಿ ಸಿಕ್ಕಿತೆಂದು ಬೇರೆ ಹಾಳೆಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದು ಜೊತೆಗಿಡಿ.