ಆನ್‌ಲೈನ್ ರೋಲ್‌ಪ್ಲೇಯಿಂಗ್ ಆಟ: ಆಟಗಾರರ ಆಸಕ್ತಿ ಉಳಿಸುವ ಬಗೆ

ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಎಂದರೆ ನಾಲ್ಕೈದು ಮಂದಿ ಸೇರಿ ಮಾತಿನಲ್ಲೇ ಕಥೆ ಕಟ್ಟುವ ಆಟ. ಒಬ್ಬರು ಗೇಮ್ ಮಾಸ್ಟರ್ ಆಗಿ ಕಥೆಯ ಲೋಕವನ್ನು ಬಣ್ಣಿಸುತ್ತಾರೆ. ಉಳಿದವರು ತಲಾ ಒಂದು ಪಾತ್ರ ವಹಿಸಿ, ಆ ಪಾತ್ರ ಏನು ಮಾಡುತ್ತದೆಂದು ಹೇಳುತ್ತಾರೆ. ಗೆಲುವು ಸೋಲು ಅನಿಶ್ಚಿತವಾದಾಗ ದಾಳ ಉರುಳುತ್ತದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾಗಿ ಈ ಪ್ರಕಾರಕ್ಕೆ ನಾಂದಿ ಹಾಡಿತು.

ಮೇಜಿನಿಂದ ಪರದೆಗೆ

2004ರ ಫ್ಯಾಂಟಸಿ ಗ್ರೌಂಡ್ಸ್, 2012ರ ರೋಲ್20, 2020ರ ಫೌಂಡ್ರಿ ಮುಂತಾದ ತಂತ್ರಾಂಶಗಳು ನಕ್ಷೆ, ದಾಳ, ಪಾತ್ರಪಟ್ಟಿಗಳನ್ನು ಪರದೆಗೆ ತಂದವು. ಮಾತುಕತೆಗೆ 2015ರಲ್ಲಿ ಬಂದ ಡಿಸ್ಕಾರ್ಡ್ ಒದಗಿತು. ಬೇರೆ ಬೇರೆ ಊರುಗಳಲ್ಲಿರುವವರೂ ಒಟ್ಟಿಗೆ ಆಡುವಂತಾಯಿತು.

ಗಮನ ಚದುರುವುದೇಕೆ?

ಒಂದೇ ಮೇಜಿನ ಸುತ್ತ ಕುಳಿತಾಗ ಯಾರು ಮಾತಾಡಲು ಕಾದಿದ್ದಾರೆ, ಯಾರಿಗೆ ಬೇಸರವಾಗಿದೆ ಎಂಬುದು ಮುಖದಲ್ಲೇ ತಿಳಿಯುತ್ತದೆ. ಧ್ವನಿ ಮಾತ್ರ ಕೇಳುವ ಆಟದಲ್ಲಿ ಆ ಸುಳಿವೇ ಇಲ್ಲ. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಎರಡೂ ಮಾತು ಕಲಸಿಹೋಗುತ್ತವೆ, ಸಂಕೋಚದವರು ಸುಮ್ಮನಾಗುತ್ತಾರೆ. ಕಾಳಗದಲ್ಲಿ ಐವರು ತಲಾ ಮೂರು ನಿಮಿಷ ತೆಗೆದುಕೊಂಡರೆ, ಒಮ್ಮೆ ಆಡಿದವರು ಮತ್ತೆ ಆಡಲು 12 ನಿಮಿಷ ಕಾಯಬೇಕು. ಅಷ್ಟರಲ್ಲಿ ಕೈ ಮೊಬೈಲಿನತ್ತ ಹೋಗಿರುತ್ತದೆ.

ಸರದಿ ಹಂಚುವ ಕಲೆ

ಎಲ್ಲರನ್ನೂ ಉದ್ದೇಶಿಸಿ “ಏನು ಮಾಡುತ್ತೀರಿ?” ಎಂದು ಕೇಳಿದರೆ ಮೌನವೇ ಉತ್ತರವಾಗಬಹುದು. ಪಾತ್ರವನ್ನು ಹಿಡಿದು ಕೇಳಬೇಕು: “ಬಾಗಿಲಾಚೆ ಹೆಜ್ಜೆ ಸಪ್ಪಳ. ಕಳ್ಳನ ಕೈ ಇನ್ನೂ ಬೀಗದ ಮೇಲಿದೆ. ಏನು ಮಾಡುತ್ತಾನೆ?” ಕಾಳಗದಲ್ಲಿ ಈಗಿನ ಸರದಿಯ ಜೊತೆಗೆ ಮುಂದಿನದನ್ನೂ ಸಾರಿದರೆ ಆ ಆಟಗಾರ ಯೋಚಿಸಿ ಸಿದ್ಧನಾಗಿರುತ್ತಾನೆ. ಮಾತು ಕಡಿಮೆ ಇರುವವರಿಗೆ ಖಾಸಗಿ ಸಂದೇಶದಲ್ಲಿ ಒಂದು ಗುಟ್ಟು ಕೊಡಬಹುದು. ಅವರು ಬಾಯಿ ಬಿಟ್ಟರಷ್ಟೇ ಕಥೆ ಮುಂದೆ ಸಾಗುತ್ತದೆ.

ಮೊದಲೇ ಆಗಬೇಕಾದ ಒಪ್ಪಂದ

ಆಟಕ್ಕೆ ಮುನ್ನ ನಡೆಯುವ ‘ಸೆಷನ್ ಝೀರೊ’ದಲ್ಲಿ ಕಥೆಯ ಧಾಟಿ, ಆಟದ ವೇಳೆ, ಯಾರಿಗೆ ಯಾವ ವಿಷಯ ಬೇಡ ಎಂಬುದೆಲ್ಲ ತೀರ್ಮಾನವಾಗುತ್ತದೆ. ಜಾನ್ ಸ್ಟಾವ್ರೊಪೌಲಸ್ ರೂಪಿಸಿದ ‘ಎಕ್ಸ್ ಕಾರ್ಡ್’ ಆನ್‌ಲೈನಿನಲ್ಲೂ ಉಪಯುಕ್ತ: ಚಾಟ್‌ನಲ್ಲಿ ಎಕ್ಸ್ ಅಕ್ಷರ ಒತ್ತಿದರೆ ಸಾಕು, ಕಾರಣ ಕೇಳದೆ ಆ ಸಂಗತಿಯನ್ನು ಕೈಬಿಡಲಾಗುತ್ತದೆ. ಅಂಜಿಕೆ ಇಲ್ಲದಲ್ಲಿ ಆಟಗಾರರು ಮನಬಿಚ್ಚಿ ಆಡುತ್ತಾರೆ.

ಹಾಜರಾತಿಯ ತೊಡಕು

ಎಲ್ಲರಿಗೂ ಬಿಡುವು ಒಟ್ಟಿಗೆ ಸಿಗದೆ ನಿಂತುಹೋಗುವ ಆಟಗಳಿವೆ. ಬೆನ್ ರಾಬಿನ್ಸ್ ಅವರ ‘ವೆಸ್ಟ್ ಮಾರ್ಚಸ್’ ಮಾದರಿ ಇದಕ್ಕೆ ಒಳ್ಳೆಯ ಪರಿಹಾರ. ಅದರಲ್ಲಿ ಸ್ಥಿರ ತಂಡವಿಲ್ಲ. ಯಾವಾಗ, ಎಲ್ಲಿಗೆ ಹೋಗಬೇಕೆಂದು ಆಟಗಾರರೇ ನಿರ್ಧರಿಸುತ್ತಾರೆ. ಪ್ರತಿ ಸಾಹಸವೂ ಊರಿನಿಂದ ಹೊರಟು ಊರಿಗೇ ಮರಳುವುದರಿಂದ ಮುಂದಿನ ಬಾರಿ ಬೇರೆಯವರು ಸೇರಬಹುದು. ಬಿಡುವು ಇನ್ನೂ ಕಡಿಮೆ ಇದ್ದವರು ಬರಹದ ಮೂಲಕ, ತಮಗೆ ಸಮಯ ಸಿಕ್ಕಾಗ ಒಂದೊಂದು ನಡೆ ಬರೆಯುತ್ತಾ ಆಡುತ್ತಾರೆ.

ಆಯ್ಕೆಗೆ ಬೆಲೆ

ಅಂದವಾದ ನಕ್ಷೆ, ಹಿನ್ನೆಲೆ ಸಂಗೀತ ಆರಂಭದ ಕುತೂಹಲವನ್ನು ಕೆರಳಿಸುತ್ತವೆ. ಆದರೆ ವಾರವಾರವೂ ಜನ ಮರಳುವುದು ತಮ್ಮ ತೀರ್ಮಾನದಿಂದ ಕಥೆ ತಿರುಗಿದ್ದನ್ನು ಕಂಡಾಗ. ಹಿಂದಿನ ವಾರ ಆಟಗಾರ್ತಿಯೊಬ್ಬಳು ಪ್ರಾಣ ಉಳಿಸಿದ ಕಾವಲುಗಾರ ಈ ವಾರ ಕೋಟೆಯ ಹಿಂಬಾಗಿಲು ತೆರೆದರೆ, ಅವಳು ಮುಂದಿನ ವಾರವನ್ನು ತಪ್ಪಿಸುವುದಿಲ್ಲ.