ಕಡಲ್ಕೊರೆತ ತಡೆ ರಚನೆಗಳು
ಅಲೆಗಳ ಹೊಡೆತಕ್ಕೆ ದಡ ಕೊಚ್ಚಿಹೋಗದಂತೆ ಕಟ್ಟುವ ರಚನೆಗಳು. ದಡಕ್ಕೆ ಸಮಾಂತರವಾದ ತಡೆಗೋಡೆ, ದಡದಿಂದ ಕಡಲಿನೊಳಕ್ಕೆ ಚಾಚುವ ಗ್ರಾಯ್ನ್, ನೀರಿನಲ್ಲಿ ಮುಳುಗಿರುವ ಕೃತಕ ದಿಬ್ಬ ಮುಖ್ಯ ಬಗೆಗಳು. ವಿನ್ಯಾಸದಲ್ಲಿ ನಿರ್ಣಾಯಕವಾದುದು ಅಲೆಯ ಎತ್ತರ. ಹಡ್ಸನ್ ಸೂತ್ರದ ಪ್ರಕಾರ ಹೊರಪದರದ ಕಲ್ಲಿನ ತೂಕ ಅಲೆಯ ಎತ್ತರದ ಘನಕ್ಕೆ ಅನುಗುಣವಾಗಿರಬೇಕು. ಅಲೆ ಇಮ್ಮಡಿಯಾದರೆ ಕಲ್ಲು ಎಂಟು ಪಟ್ಟು ಭಾರವಾಗಬೇಕು. ಅಂಥ ಬಂಡೆ ಸಿಗದಲ್ಲಿ ನಾಲ್ಕು ಕಾಲಿನ ಕಾಂಕ್ರೀಟ್ ಟೆಟ್ರಾಪಾಡ್ ಬಳಸುತ್ತಾರೆ. ಇದು 1950ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ರೂಪುಗೊಂಡಿತು. ಕಲ್ಲಿನಡಿ ಜಿಯೋಟೆಕ್ಸ್‌ಟೈಲ್ ಅಥವಾ ಜಲ್ಲಿಯ ಸೋಸುಪದರ ಇಲ್ಲದಿದ್ದರೆ ಮರಳು ಸಂದುಗಳಿಂದ ಜಾರಿ ಗೋಡೆ ಕುಸಿಯುತ್ತದೆ. ಅಲೆಗಳು ಬುಡ ಕೊರೆದು ಉರುಳಿಸುವುದೂ ಉಂಟು. ಮಳೆಗಾಲ ಬಂದಾಗಲೆಲ್ಲ ಬರಿಯ ಕಲ್ಲು ಸುರಿಯುವ ರೂಢಿಯನ್ನು ವಿನ್ಯಾಸವೆನ್ನಲಾಗದು.

ಗ್ರಾಯ್ನ್ ಒಂದು ಬದಿಯಲ್ಲಿ ಮರಳು ಹಿಡಿದರೆ ಇನ್ನೊಂದು ಬದಿ ಸವೆಯುತ್ತದೆ. ಒಂದೂರಿನ ರಕ್ಷಣೆ ಪಕ್ಕದೂರಿನ ಕೊರೆತವಾಗಬಹುದು. ಕರ್ನಾಟಕದಲ್ಲಿ ಕಡಲ್ಕೊರೆತಕ್ಕೆ ಹೆಸರಾದ ಉಳ್ಳಾಲದಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ಮುಳುಗು ದಿಬ್ಬಗಳನ್ನು ನಿರ್ಮಿಸಲಾಗಿದೆ. ಕಲ್ಲಿನ ಬದಲು ಮರಳನ್ನೇ ತುಂಬುವುದು ಇನ್ನೊಂದು ಹಾದಿ. ನೆದರ್ಲ್ಯಾಂಡ್ಸ್ 2011ರಲ್ಲಿ ಹೇಗ್ ನಗರದ ದಕ್ಷಿಣದ ಕರಾವಳಿಯಲ್ಲಿ ಸುಮಾರು 2.15 ಕೋಟಿ ಘನ ಮೀಟರ್ ಮರಳು ಸುರಿದು, ಅದನ್ನು ದಡದುದ್ದಕ್ಕೂ ಹರಡುವ ಕೆಲಸವನ್ನು ಗಾಳಿಗೂ ಅಲೆಗಳಿಗೂ ಬಿಟ್ಟಿತು.