ಬೆಂಗಳೂರಿನ ಕಾಫಿಪುಡಿ ಅಂಗಡಿಗಳೂ ತೋಟದ ಹೆಸರೂ

ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಬೆಂಗಳೂರು ನಗರದಲ್ಲಿ ಹೊಸ ಬಗೆಯ ಕಾಫಿ ಅಂಗಡಿಗಳು ಅನೇಕವಾಗಿ ಹುಟ್ಟಿಕೊಂಡಿವೆ. ಹುರಿದ ಬೀಜವನ್ನು ಸಣ್ಣ ಚೀಲಗಳಲ್ಲಿ ತುಂಬಿ, ಚೀಲದ ಮೇಲೆ ತೋಟದ ಹೆಸರು, ಗಿಡದ ತಳಿ, ತೋಟವಿರುವ ಎತ್ತರ, ಹುರಿದ ತಾರೀಖು ಇಷ್ಟನ್ನೂ ಅಚ್ಚುಹಾಕಿಸಿ ಮಾರುವುದು ಇವುಗಳ ಪದ್ಧತಿ. ಆಗತಾನೆ ಹುರಿದ ಕಾಫಿಯ ರುಚಿಯನ್ನು ನಗರದವರಿಗೆ ಮೊದಲು ತೋರಿಸಿಕೊಟ್ಟವು ಈ ಅಂಗಡಿಗಳೇ ಎಂಬ ಮಾತು ಈಗ ವಿದ್ಯಾರ್ಥಿಗಳ ಬಾಯಲ್ಲಿಯೂ ಕೇಳಿಬರುತ್ತಿದೆ. ಈ ಮಾತು ಪರಿಶೀಲನೆಗೆ ನಿಲ್ಲುವಂಥದಲ್ಲ. ಹೊಸ ಅಂಗಡಿಗಳು ಹೊಸದೇನನ್ನೂ ತರಲಿಲ್ಲವೆಂದು ನಾವು ಹೇಳುತ್ತಿಲ್ಲ. ಅವು ತಂದದ್ದು ಬೇರೆಯದು. ಅದೇನೆಂಬುದನ್ನು ತಿಳಿಯಬೇಕಾದರೆ ನಗರದ ಹಳೆಯ ಪುಡಿ ಅಂಗಡಿಗಳನ್ನೂ 1942ರ ಒಂದು ಶಾಸನವನ್ನೂ ಒಟ್ಟಿಗೆ ನೋಡಬೇಕಾಗುತ್ತದೆ.

ಹದಿನೇಳನೆಯ ಶತಮಾನದಲ್ಲಿ ಯೆಮೆನ್ ದೇಶದಿಂದ ಬಾಬಾಬುಡನ್ ಗಿರಿಗೆ ಕಾಫಿಬೀಜ ಬಂದಿತೆಂಬ ಐತಿಹ್ಯವನ್ನೂ, 1830ರ ಸುಮಾರಿನಿಂದ ಚಿಕ್ಕಮಗಳೂರು ಸೀಮೆಯಲ್ಲಿ ಐರೋಪ್ಯರ ತೋಟಗಳು ಬೆಳೆದ ಸಂಗತಿಯನ್ನೂ ವಾಚಕರು ಬಲ್ಲರು, ಇಲ್ಲಿ ವಿಸ್ತರಿಸಬೇಕಾಗಿಲ್ಲ. ನಮಗೆ ಬೇಕಾದದ್ದು ಒಂದೇ ಅಂಶ. ಆ ಶತಮಾನದಲ್ಲಿ ಐರೋಪ್ಯರ ತೋಟಗಳ ಕಾಫಿ ಬಹುಮಟ್ಟಿಗೆ ಲಂಡನ್ನಿಗೆ ಹೋಗುತ್ತಿತ್ತು. ಅಲ್ಲಿನ ಮಿನ್ಸಿಂಗ್ ಲೇನ್ ಪೇಟೆಯಲ್ಲಿ ಚೀಲಗಳು ಆಯಾ ತೋಟದ ಗುರುತಿನ ಮೇಲೆಯೇ ಬಿಕರಿಯಾಗುತ್ತಿದ್ದವು. ಎಂದರೆ, ತೋಟದ ಹೆಸರನ್ನು ನೋಡಿ ಕಾಫಿಗೆ ಬೆಲೆ ಕಟ್ಟುವ ರೂಢಿ ಹಳೆಯದೇ. ಆದರೆ ಆ ಹೆಸರನ್ನು ಓದುತ್ತಿದ್ದವನು ಲಂಡನ್ನಿನ ವರ್ತಕನೇ ಹೊರತು ಬೆಂಗಳೂರಿನ ಗೃಹಸ್ಥನಲ್ಲ.

ಇನ್ನು ಬೆಂಗಳೂರಿನ ಗೃಹಸ್ಥನ ವಿಷಯ. ದಕ್ಷಿಣದ ಮಧ್ಯಮವರ್ಗದ ಮನೆಗಳಲ್ಲಿ ಕಾಫಿ ನೆಲೆಗೊಂಡ ಬಗೆಯನ್ನು, ತಮಿಳು ಸಮಾಜದ ಮಟ್ಟಿಗೆ, ಎ. ಆರ್. ವೆಂಕಟಾಚಲಪತಿಯವರು ವಿಶದವಾಗಿ ನಿರೂಪಿಸಿದ್ದಾರೆ. ನಮ್ಮ ಕಡೆಯೂ ಮನೆಯಲ್ಲಿಯೇ ಹಸಿಬೀಜವನ್ನು ಬಾಣಲೆಯಲ್ಲಿ ಹುರಿದು, ಹಲಗೆಗೆ ಬಿಗಿದ ಕೈಯಂತ್ರದಲ್ಲಿ ಪುಡಿಮಾಡಿ, ಹಿತ್ತಾಳೆಯ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಸುವ ಕ್ರಮವಿತ್ತು. ಹುರಿದ ಕಾಫಿಯನ್ನು ಬೀಜವಾಗಿಟ್ಟರೆ ಕೆಲವು ವಾರ ತಾಳುವುದಾದರೂ ಪುಡಿಮಾಡಿದೊಡನೆ ಅದರ ಪರಿಮಳ ಬೇಗಬೇಗ ಹಾರಿಹೋಗುತ್ತದೆ. ಇದನ್ನು ಮನೆಯ ಹೆಂಗಸರು ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ. ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗೆ ಬಂದದ್ದು 1905ರಲ್ಲಿ. ಮುಂದೆ ಮೋಟಾರಿನ ಗಿರಣಿಗಳು ಬಂದಮೇಲೆ ಬಾಣಲೆಯ ಕೆಲಸವೂ ಕೈಯಂತ್ರದ ಕೆಲಸವೂ ಕ್ರಮೇಣ ಮನೆಯಿಂದ ಬೀದಿಯ ಅಂಗಡಿಗೆ ವರ್ಗವಾದವೆಂದು ನಮ್ಮ ಊಹೆ. ಸ್ಥಳ ಬದಲಾಯಿತು, ಕ್ರಮ ಬದಲಾಗಲಿಲ್ಲ. ಗಾಂಧಿಬಜಾರಿನಲ್ಲಾಗಲಿ ಮಲ್ಲೇಶ್ವರದಲ್ಲಾಗಲಿ ಪುಡಿ ಅಂಗಡಿಯಿರುವ ಬೀದಿಯನ್ನು ಕಣ್ಣುಮುಚ್ಚಿಕೊಂಡು ಹೋದರೂ ಗುರುತಿಸಬಹುದಷ್ಟೆ. ಗಿರಾಕಿಯ ಕಣ್ಣೆದುರಿಗೇ ಬೀಜವನ್ನು ತೂಗಿ, ಗಿರಣಿಗೆ ಹಾಕಿ, ಇನ್ನೂ ಬೆಚ್ಚಗಿರುವ ಪುಡಿಯನ್ನು ಪೊಟ್ಟಣ ಕಟ್ಟಿಕೊಡುವುದು ಇಲ್ಲಿ ತಲೆಮಾರುಗಳಿಂದ ನಡೆದುಬಂದಿದೆ.

ಅಮೆರಿಕದ ಸ್ಥಿತಿ ಬೇರೆಯಾಗಿತ್ತು. ಅಲ್ಲಿ ಡಬ್ಬಿಯ ಪುಡಿ ಮನೆಮನೆಯನ್ನೂ ಹೊಕ್ಕಿದ್ದ ಕಾಲದಲ್ಲಿ, 1966ರಲ್ಲಿ, ಆಲ್ಫ್ರೆಡ್ ಪೀಟ್ ಎಂಬಾತನು ಬರ್ಕ್ಲಿ ಊರಿನಲ್ಲಿ ಬೀಜ ಹುರಿದು ಮಾರುವ ಅಂಗಡಿ ತೆರೆದನು. 1974ರಲ್ಲಿ ಎರ್ನಾ ಕ್ನೂಟ್ಸೆನ್ ಎಂಬಾಕೆ ಆಯ್ದ ಕಾಫಿಗೆ ಸ್ಪೆಷಾಲ್ಟಿ ಕಾಫಿ ಎಂಬ ಹೆಸರನ್ನು ಬಳಕೆಗೆ ತಂದಳು. ಅವರ ಪಾಲಿಗೆ ತಾಜಾತನವು ಕಳೆದುಹೋಗಿ ಮರಳಿ ಸಿಕ್ಕಿದ ವಸ್ತು. ನಮ್ಮಲ್ಲಿ ಅದು ಕಳೆದೇ ಇರಲಿಲ್ಲ. ಆ ದೇಶದ ಕಥೆಯನ್ನು ಈ ಊರಿಗೆ ಹಾಗೆಯೇ ಅಂಟಿಸಿದ್ದರಿಂದ ಮೇಲೆ ಹೇಳಿದ ತಪ್ಪು ತಿಳಿವಳಿಕೆ ಹುಟ್ಟಿದೆ.

ಹಾಗಾದರೆ ನಮ್ಮಲ್ಲಿ ಕಳೆದುಹೋಗಿದ್ದುದು ಯಾವುದು? ತೋಟದ ಹೆಸರು. ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಪೇಟೆಗಳು ಮುಚ್ಚಿಹೋಗಿ ಬೆಳೆಗಾರರು ದಿಕ್ಕುಗಾಣದಿದ್ದಾಗ 1942ರ ಕಾಫಿ ಶಾಸನವು ಜಾರಿಗೆ ಬಂದಿತು. ಮನೆಬಳಕೆಗೂ ಬಿತ್ತನೆಗೂ ಬಿಟ್ಟ ಅಲ್ಪಭಾಗವನ್ನುಳಿದು, ಬೆಳೆದ ಕಾಫಿಯೆಲ್ಲವನ್ನೂ ಕಾಫಿ ಮಂಡಲಿಯ ಪೂಲಿಗೆ ಒಪ್ಪಿಸಬೇಕೆಂಬುದು ಕಾರ್ಯತಃ ನಿಯಮವಾಯಿತು. ಪೂಲು ಎಂದರೆ ಎಲ್ಲರ ಬೆಳೆಯನ್ನೂ ಒಂದೇ ರಾಶಿಯಾಗಿ ಭಾವಿಸುವ ಏರ್ಪಾಡು. ಕ್ಯೂರಿಂಗ್ ಕಾರ್ಖಾನೆಯಲ್ಲಿ ಸಿಪ್ಪೆ ತೆಗೆದು, ಗಾತ್ರಕ್ಕೆ ತಕ್ಕಂತೆ ಜರಡಿ ಹಿಡಿದು, ಪ್ಲಾಂಟೇಷನ್ ಎ, ಪ್ಲಾಂಟೇಷನ್ ಬಿ, ಪೀಬೆರಿ, ಅರಾಬಿಕಾ ಚೆರಿ, ರೋಬಸ್ಟಾ ಚೆರಿ ಎಂದು ದರ್ಜೆ ಕಟ್ಟುತ್ತಿದ್ದರು. ಒಂದೊಂದು ದರ್ಜೆಗೂ ಇಷ್ಟಿಷ್ಟು ಅಂಕ. ಅಂಕದ ಲೆಕ್ಕದಲ್ಲಿ ಬೆಳೆಗಾರನಿಗೆ ಕಂತುಕಂತಾಗಿ ಹಣ. ಮಾರಾಟವೆಲ್ಲ ಮಂಡಲಿಯ ಕೈಯಲ್ಲಿ. ಹೀಗಿರಲು, ಒಂದೇ ದರ್ಜೆಗೆ ಸೇರಿದ ಮೇಲೆ ಗಿರಿಯ ನೆತ್ತಿಯ ತೋಟದ ಬೀಜಕ್ಕೂ ಕಣಿವೆಯ ತೋಟದ ಬೀಜಕ್ಕೂ ಲೆಕ್ಕದಲ್ಲಿ ಭೇದವಿರಲಿಲ್ಲ. ಮಾಗಿದ ಹಣ್ಣನ್ನೇ ಆಯ್ದು ಕುಯ್ಯಿಸಿದವನಿಗೆ ಅದರ ಶ್ರಮಕ್ಕೆ ತಕ್ಕ ಹೆಚ್ಚಿನ ಬೆಲೆ ದೊರೆಯುವ ದಾರಿ ಬಹಳ ಇಕ್ಕಟ್ಟಾಗಿತ್ತು.

ಪೂಲನ್ನು ಹಳಿಯುವುದು ಇತ್ತೀಚೆಗೆ ಸುಲಭವಾಗಿದೆ. ನಾವು ಆ ಸಾಲಿಗೆ ಸೇರಲಾರೆವು. ಯುದ್ಧಕಾಲದಲ್ಲಿ ಅನೇಕ ತೋಟಗಳು ಉಳಿದುಕೊಂಡದ್ದು ಈ ವ್ಯವಸ್ಥೆಯಿಂದ. ನಾಲ್ಕಾರು ಎಕರೆಯ ಸಣ್ಣ ಹಿಡುವಳಿದಾರನಿಗೆ ವ್ಯಾಪಾರಿಯ ಬಾಗಿಲು ಕಾಯುವುದು ತಪ್ಪಿದ್ದೂ ಇದರಿಂದ. ಆದರೆ ಇದರ ಇನ್ನೊಂದು ಫಲವನ್ನು ಚರಿತ್ರಕಾರರು ಸಾಕಷ್ಟು ಗಮನಿಸಿಲ್ಲ. ಬೆಂಗಳೂರಿನ ಪುಡಿ ವರ್ತಕನು ಹರಾಜಿನಲ್ಲಿ ಕೊಂಡದ್ದು ದರ್ಜೆಯನ್ನು, ತೋಟವನ್ನಲ್ಲ. ತನಗೇ ತಿಳಿಯದ ತೋಟದ ಹೆಸರನ್ನು ಅವನು ಗಿರಾಕಿಗೆ ಹೇಳುವುದೆಂತು? ಆದಕಾರಣ ಅವನ ಜಾಣ್ಮೆಯೆಲ್ಲ ಮಿಶ್ರಣದ ಕಡೆಗೆ ಹರಿಯಿತು. ಪೀಬೆರಿಗೆ ಪ್ಲಾಂಟೇಷನ್ ಎ ಎಷ್ಟು, ಗಟ್ಟಿತನಕ್ಕೆ ರೋಬಸ್ಟಾ ಎಷ್ಟು, ಚಿಕೋರಿ ಎಷ್ಟು ಎಂಬುದೇ ಅಂಗಡಿಯ ಭಾಷೆಯಾಯಿತು. ಇಂದಿಗೂ ಗಿರಾಕಿ ಬಂದು “80–20 ಕೊಡಿ” ಎಂದರೆ ಸಾಕು. ನೂರು ಕಿಲೋ ಹಸಿಬೀಜ ಹುರಿದಮೇಲೆ ಸುಮಾರು ಎಂಬತ್ತೈದು ಕಿಲೋಗೆ ಇಳಿಯುವುದರಿಂದ ಚಿಕೋರಿಯು ವರ್ತಕನಿಗೆ ಅನುಕೂಲವಾದದ್ದು ನಿಜ. ಆದರೂ ಅದನ್ನು ಬರಿಯ ಕಲಬೆರಕೆಯೆನ್ನುವುದು ಸರಿಯಲ್ಲ. ಗಿರಾಕಿಯು ಕೇಳಿ ಹಾಕಿಸಿಕೊಳ್ಳುವ ವಸ್ತು ಅದು. ಡಿಕಾಕ್ಷನ್ನಿಗೆ ಬಣ್ಣವನ್ನೂ ಮಂದವನ್ನೂ ಕೊಡುತ್ತದೆ. ಮಿಶ್ರಣದಲ್ಲಿ ಕಾಫಿಯ ಭಾಗ ಶೇಕಡ 51ಕ್ಕೆ ಕಡಮೆಯಿರಕೂಡದೆಂದು ಆಹಾರದ ಕಾನೂನು ವಿಧಿಸಿದೆ.

ಈ ಕಟ್ಟು 1992ರಿಂದ ಹಂತಹಂತವಾಗಿ ಸಡಿಲಗೊಂಡು, 1996ರ ಸೆಪ್ಟೆಂಬರಿನಲ್ಲಿ ಬೆಳೆಗಾರರೆಲ್ಲರಿಗೂ ತಮ್ಮ ಬೆಳೆಯನ್ನು ಪೂರ್ತಿಯಾಗಿ ತಾವೇ ಮಾರುವ ಸ್ವಾತಂತ್ರ್ಯ ಬಂದಿತು. ಆದರೆ ತೋಟದ ಹೆಸರು ಕೂಡಲೆ ನಗರದ ಅಂಗಡಿಗೆ ಬರಲಿಲ್ಲ. ಮೊದಲು ಬಂದದ್ದು ಕುಳಿತು ಕುಡಿಯುವ ಹೊಸ ಮಾದರಿಯ ಕೆಫೆ: ಬ್ರಿಗೇಡ್ ರಸ್ತೆಯ ಕೆಫೆ ಕಾಫಿ ಡೇ ಅದೇ ವರ್ಷದ ಜುಲೈನಲ್ಲಿ ತೆರೆಯಿತು. ಒಂದು ತೋಟದ ಬೀಜವನ್ನು ಬೇರೆಯಾಗಿ ಸಂಸ್ಕರಿಸಿ, ಬೇರೆಯಾಗಿ ಹುರಿದು, ಆ ಹೆಸರಿನಲ್ಲಿ ಮಾರುವ ಅಂಗಡಿಗಳು ಬಳಕೆಗೆ ಬಂದದ್ದು ಮತ್ತೆ ಹದಿನೈದು ವರ್ಷ ಕಳೆದ ಮೇಲೆ. ದೆಹಲಿಯಲ್ಲಿ 2013ರಲ್ಲಿ ಆರಂಭವಾದ ಬ್ಲೂ ಟೊಕಾಯ್ ಈ ಪಂಕ್ತಿಯದು. 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್ ಗಿರಿಗಳ ಅರಾಬಿಕಾಗಳಿಗೆ ಭೌಗೋಳಿಕ ಸೂಚಿಕೆಯ ಮನ್ನಣೆಯೂ ದೊರೆಯಿತು. ಐವತ್ತು ವರ್ಷಕ್ಕೂ ಮಿಕ್ಕಿ ದರ್ಜೆಯ ಹಿಂದೆ ಅಡಗಿದ್ದ ಊರುಗಳು ಹೀಗೆ ಚೀಲದ ಮೇಲೆ ಕಾಣಿಸಿಕೊಂಡವು. ಹೊಸ ಅಂಗಡಿಗಳ ನಿಜವಾದ ಕೊಡುಗೆ ಇದು, ಸಣ್ಣದೂ ಅಲ್ಲ.

ಚೀಲದ ಮೇಲಿನ ಈ ಬರಹವನ್ನೂ ಎಚ್ಚರಿಕೆಯಿಂದ ಓದಬೇಕು. ಅದರಲ್ಲಿ ತೋಟದ ಹೆಸರುಂಟು, ಅನೇಕ ವೇಳೆ ಒಡೆಯರ ಹೆಸರೂ ಉಂಟು. ತಳಿಯ ಜಾಗದಲ್ಲಿ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಿಂದ ಬಂದ ಎಸ್. 795 ಎಂಬ ಸಂಖ್ಯೆಯುಂಟು. ಒಂದೇ ಗಿಡಕ್ಕೆ ಮೂರು ನಾಲ್ಕು ಸಲ ಹೋಗಿ ಕೆಂಪುಹಣ್ಣನ್ನೇ ಆಯ್ದ ಆಳಿನ ಹೆಸರು ಮಿನ್ಸಿಂಗ್ ಲೇನಿನ ಚೀಲದ ಮೇಲೆಯೂ ಇರಲಿಲ್ಲ, ಇಲ್ಲಿಯೂ ಇಲ್ಲ.

ಪುಡಿ ಅಂಗಡಿಗಳ ಚರಿತ್ರೆಗೆ ಬೇಕಾದ ಸಾಮಗ್ರಿ ಕೈಬಿಟ್ಟುಹೋಗುತ್ತಿದೆಯೆಂಬುದನ್ನೂ ಇಲ್ಲಿ ತಿಳಿಸಬೇಕು. ನಗರದ ದಕ್ಷಿಣಭಾಗದ ಒಂದು ಹಳೆಯ ಅಂಗಡಿಗೆ ಹೋಗಿ ಹಿಂದಿನ ಲೆಕ್ಕದ ಪುಸ್ತಕಗಳನ್ನು ಕೇಳಿದೆವು. ಕಟ್ಟಡವನ್ನು ದುರಸ್ತಿ ಮಾಡಿಸುವಾಗ ಅವನ್ನೆಲ್ಲ ತೂಕದ ಮೇಲೆ ಹಳೆಯ ಕಾಗದದವನಿಗೆ ಕೊಟ್ಟುಬಿಟ್ಟೆವೆಂದು ಯಜಮಾನರು ಸಂಕೋಚದಿಂದಲೇ ಹೇಳಿದರು. ಗಲ್ಲಾಪೆಟ್ಟಿಗೆಯ ಕೆಳಗೆ ಒಂದು ಮಾತ್ರ ಉಳಿದಿತ್ತು. ಅದರಲ್ಲಿ ತಿಂಗಳ ಗಿರಾಕಿಗಳ ಹೆಸರು, ಮನೆಯ ಗುರುತು, ಒಂದೊಂದು ಮನೆಗೂ ಗೊತ್ತಾದ ಮಿಶ್ರಣ ಇವು ಪುಟಪುಟದಲ್ಲಿಯೂ ಇದ್ದವು. ಕೆಲವು ಹೆಸರುಗಳ ಮುಂದೆ ಚಿಕೋರಿಯ ಅಂಕೆಯನ್ನು ಹೊಡೆದುಹಾಕಿ ಹೆಚ್ಚಿಸಿ ಬರೆದಿತ್ತು. ಏಕೆಂದು ಕೇಳಲು, ಆ ಮನೆಯವರು ನಿವೃತ್ತರಾದ ವರ್ಷ ಅದು ಎಂದರು.